ಸೆಲ್ಲು ಸೋತಾಗ ಹಿಡಿದ ಹಾಡು

ಟೇಪಿನ ಶುರುವಿನಲ್ಲಿ ನಮ್ಮ ದೊಡ್ಡವ್ವನದು ಐವತ್ತು ದಾಟಿದ ಹೆಂಗಸಿನ ದನಿ. ಅರ್ಧ ಗಂಟೆ ಕಳೆದು ಆ ಕಡೆ ಮುಗಿಯುವಷ್ಟರಲ್ಲಿ ಲಂಗ ಹಾಕಿದ ಹುಡುಗಿಯ ದನಿ. ಹಾಡ್ತಾ ಹಾಡ್ತಾ ಹುರುಪು ಬಂದಿರಬೇಕು ಅಂದುಕೊಂಡೆ. ಮೂವತ್ತು ವರ್ಷದ ಮೇಲೆ ಹಾಡು ಬರೆದುಕೊಂಡು ಬಂದವನು ನಾನು, ಸ್ಟುಡಿಯೋಗಳಲ್ಲಿ ರಾತ್ರಿ ಕಳೆದವನು. ಇಷ್ಟು ಹೊಳೆಯಲಿಲ್ಲ ನೋಡಿ.

ಟೇಪು 1986ರದ್ದು. ಆಗ ಹಾಸನದಲ್ಲಿ ಕಾಲೇಜು ಓದುತ್ತಿದ್ದೆ. ಗೆಳೆಯನ ಟೂ-ಇನ್-ಒನ್, ಅಂದರೆ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರೋ ಪೆಟ್ಟಿಗೆ, ಎರಡು ದಿನಕ್ಕೆ ಇಸ್ಕೊಂಡು, ದಪ್ಪ ಬ್ಯಾಟರಿ ಸೆಲ್ಲು ಹಾಕಿ, ಆಲೂರು ಕಡೆ ಇದ್ದ ದೊಡ್ಡವ್ವನ ಮನೆಗೆ ಹೋಗಿದ್ದೆ. ಅದು ಅವರ ಹೊಸ ಊರು. ಹಳೇ ಊರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿತ್ತು. ಗೊರೂರಿನ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಈಗ ಬೆಂಗಳೂರಿನವರು ಕಾರು ಮಾಡಿಕೊಂಡು ನೀರಲ್ಲಿ ಮುಳುಗೋ ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಬರುತ್ತಾರಲ್ಲ, ಅದೇ ನೀರು. ನಮ್ಮಮ್ಮನ ಊರಿನಲ್ಲಿ ಚರ್ಚ್ ಇರಲಿಲ್ಲ. ಹಾಗಾಗಿ ಫೋಟೋ ತೆಗೆಯೋಕೂ ಯಾರೂ ಹೋಗಲ್ಲ.

ಜನ ದಿಕ್ಕಿಗೊಬ್ಬರಾದರು. ಗಾಡಿಯಲ್ಲಿ ಹೊಸ ಊರಿಗೆ ಬಂದ ಸಾಮಾನಿನಲ್ಲಿ ನನಗೆ ನೆನಪಿರುವುದು ಎರಡೇ: ಬಸವಣ್ಣನ ಗುಡಿಯ ಗಂಟೆ, ದೊಡ್ಡವ್ವನ ರಾಗಿ ಕಲ್ಲು. ಈ ಎರಡೂ ಮುಂದೆ ನನ್ನ ಕೈ ಹಿಡಿದವು.

ಹೋದ ವರ್ಷ ಅಟ್ಟ ಖಾಲಿ ಮಾಡುವಾಗ ಆ ಕ್ಯಾಸೆಟ್ ಸಿಕ್ಕಿತು. ಬೂಷ್ಟು ಹಿಡಿದಿತ್ತು. ಸ್ಕ್ರೂ ಬಿಚ್ಚಿ, ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ದಾಟಿಸಿ, ಹಳೇ ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಬೀಸೋ ಪದ, ಸೋಬಾನೆ, ಒಂದೆರಡು ಕೋಲಾಟದ ಪದ. ದೊಡ್ಡವ್ವ ಎತ್ತಿಕೊಡೋದು, ಚಿಕ್ಕವ್ವ ಸೊಲ್ಲು ಹಿಡಿಯೋದು. ದೊಡ್ಡವ್ವ ಹೋಗಿ ಇಪ್ಪತ್ತು ವರ್ಷವಾಯಿತು. ಚಿಕ್ಕವ್ವ ಇದ್ದಾರೆ, ಎಂಬತ್ತು ದಾಟಿದೆ. ಅವರ ಹತ್ತಿರ ಹೋಗಿ ಮತ್ತೆ ಹಾಡಿಸೋಣ, ಚೆನ್ನಾಗಿ ರೆಕಾರ್ಡ್ ಮಾಡೋಣ ಅಂತ ಹೊರಟೆ.

ಮೊದಲ ದಿನ ಪೂರ್ತಿ ವ್ಯರ್ಥ. ಚಿಕ್ಕವ್ವನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಮರೆತಿದ್ದಾರೆ ಅಂದುಕೊಂಡೆ. ಆಮೇಲೆ ಅವರೇ ಅಂದರು, "ನಾನು ಸೊಲ್ಲು ಹಿಡಿಯೋಳು ಕಣ್ ಮಗ. ಎತ್ಕೊಡೋಳು ಅವ್ಳು. ಅವ್ಳು ಅಂದ್ರೆ ನಾನು ಅಂತೀನಿ."

ಸರಿ, ದೊಡ್ಡವ್ವನೇ ಎತ್ತಿಕೊಡಲಿ ಅಂತ ಫೋನಿನಲ್ಲಿ ಟೇಪಿನ ಕೊನೆಯ ಪದ ಹಾಕಿದೆ. ಅದು ನನಗೆ ತುಂಬಾ ಇಷ್ಟದ್ದು. ಚಿಕ್ಕವ್ವ ತಲೆ ಓರೆ ಮಾಡಿ ಕೇಳಿದರು. "ಇದ್ಯಾರ್ಲಾ ಹುಡ್ಗಿ? ಅಕ್ಕ ಅಲ್ಲ ಬುಡು."

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಸೆಲ್ಲು! ಎರಡು ದಿನ ಅದೇ ಸೆಲ್ಲಿನಲ್ಲಿ ಓಡಿಸಿದ್ದೆ. ಸೆಲ್ಲು ಸೋತಂತೆ ರೆಕಾರ್ಡ್ ಮಾಡುವಾಗ ಟೇಪು ನಿಧಾನವಾಗುತ್ತೆ. ಹಾಗೆ ನಿಧಾನಕ್ಕೆ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ದನಿ ಮೇಲೇರುತ್ತೆ, ಹಾಡೂ ಓಡುತ್ತೆ. ದೊಡ್ಡವ್ವನಿಗೆ ಹುರುಪೂ ಬಂದಿರಲಿಲ್ಲ, ಏನೂ ಇಲ್ಲ.

ಆದರೆ ಎಷ್ಟು ಇಳಿಸಬೇಕು? ಕಿವಿಯ ಅಂದಾಜಿನಲ್ಲಿ ಇಳಿಸಿದರೆ ನನಗೆ ಬೇಕಾದ ದೊಡ್ಡವ್ವ ಸಿಗುತ್ತಾಳೆ, ಇದ್ದ ದೊಡ್ಡವ್ವ ಅಲ್ಲ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಹಾಡಿನ ಹಿಂದೆ, ದೂರದಲ್ಲಿ, ಗುಡಿಯ ಗಂಟೆ. ಶುರುವಿನಲ್ಲಿ ಒಂದು ಸಲ, ಕೊನೆಯ ಪದದಲ್ಲಿ ಒಂದು ಸಲ. ಆ ಗಂಟೆ ಈಗಲೂ ಅಲ್ಲೇ ತೂಗುತ್ತಿದೆ. ಮಾರನೇ ವಾರ ಹೋಗಿ ಗಂಟೆ ಹೊಡೆದು ರೆಕಾರ್ಡ್ ಮಾಡಿಕೊಂಡು ಬಂದೆ. ಪೂಜಾರಿ ಏನಂದುಕೊಂಡರೋ, ನಾಲ್ಕು ಸಲ ಹೊಡೆದು ನಮಸ್ಕಾರ ಮಾಡದೇ ಬಂದವನು ನಾನೊಬ್ಬನೇ ಇರಬೇಕು.

ಹಾರ್ಮೋನಿಯಂ ಇಟ್ಟುಕೊಂಡು ನೋಡಿದೆ. ಟೇಪಿನ ಶುರುವಿನ ಗಂಟೆ ಈಗಿನದಕ್ಕೆ ಸರಿಯಾಗಿ ಕೂತಿತು. ಕೊನೆಯದು ಒಂದು ಪೂರಾ ಸ್ವರ ಮೇಲೆ. ಅಂದರೆ ಕೊನೆಯ ಪದವನ್ನು ಸುಮಾರು 11 ಪರ್ಸೆಂಟ್ ನಿಧಾನ ಮಾಡಬೇಕು, ನಡುವಿನ ಪದಗಳನ್ನು ಒಂದೊಂದಾಗಿ ಕತ್ತರಿಸಿ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು. ಈ ಕೆಲಸ ಮಾಡುವವರಿಗೆ ಒಂದು ಮಾತು. ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬರೀ ಪಿಚ್, ಅಂದರೆ ಶ್ರುತಿ, ಇಳಿಸಬೇಡಿ. ನಾನು ಮೊದಲು ಹಾಗೇ ಮಾಡಿ ಕೆಟ್ಟೆ. ದನಿ ದೊಡ್ಡವ್ವಂದು, ಓಟ ಹುಡುಗಿಯದು. ಸ್ಪೀಡ್ ಇಳಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ.

ಇಳಿಸಿ ಕೇಳಿದಾಗ ಗೊತ್ತಾಯಿತು, ಬೀಸೋ ಪದ ನಾನು ನೆನಪಿಟ್ಟುಕೊಂಡಷ್ಟು ಚುರುಕಿನದಲ್ಲ. ನಾನು ನೆನಪಿಟ್ಟುಕೊಂಡಿದ್ದು ಸೋತ ಸೆಲ್ಲಿನ ಟೇಪನ್ನು. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. 1991ರಲ್ಲಿ ಸಾಕ್ಷರತಾ ಜಾಥಾಗೆ ಹಾಡು ಬರೆಯುವಾಗ ಇದೇ ಕೊನೆಯ ಪದದ ಧಾಟಿ ಎತ್ತಿಕೊಂಡಿದ್ದೆ. ಅದೇ ಓಟದಲ್ಲಿ, ತಮಟೆ ಸೇರಿಸಿ. ತ್ರಿಪದಿ ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ಎರಡನೇ ಸಾಲನ್ನು ಮತ್ತೆ ಹಿಡಿದು ಮೂರನೆಯದಕ್ಕೆ ಹೋಗುತ್ತಾರೆ. ಇದೇನು ಸುಮ್ನೆ ಎಳೆಯೋದು ಅಂತ ನಾನು ಅದನ್ನೂ ಕತ್ತರಿಸಿದ್ದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಹಾಡುಗಳು' ಓದಿದ್ದೆ ಬೇರೆ. ಪುಸ್ತಕದ ಪುಟದಲ್ಲಿ ಉಸಿರು ಎಲ್ಲಿ ಕಾಣುತ್ತೆ? ಆ ಮರುಸಾಲು ಉಸಿರಿಗೆ, ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕೋದಕ್ಕೆ. ನಿಧಾನ ಮಾಡಿದ ಟೇಪಿನಲ್ಲಿ ಇದು ನಿಚ್ಚಳವಾಗಿ ಕೇಳುತ್ತೆ. ಸಾಲು ಮತ್ತೆ ಬರುವಾಗ ಕಲ್ಲಿನ ಸದ್ದು ಒಂಚೂರು ಭಾರವಾಗುತ್ತೆ.

ಹಾಗಾಗಿ ಚಿಕ್ಕವ್ವನ ಹತ್ತಿರ ಎರಡನೇ ಸಲ ಹಾಡಿಸೋಕೆ ಹೋದಾಗ ಕಲ್ಲನ್ನೇ ಹುಡುಕಿದೆ. ಹಿತ್ತಿಲಲ್ಲಿ ಬಿದ್ದಿತ್ತು, ಮೇಲಿನ ಕಲ್ಲು ಬಟ್ಟೆ ಒಗೆಯೋ ಜಾಗದಲ್ಲಿ. ಗೂಟ ಇರಲಿಲ್ಲ. ಸೀಬೆ ಕೊಂಬೆ ಕಡಿದು ಹೊಸದು ಬಡಿದೆವು. ಖಾಲಿ ಕಲ್ಲು ಬೀಸಬಾರದು, ಎರಡು ಸೇರು ರಾಗಿ ತರಿಸಿದರು ಚಿಕ್ಕವ್ವ. ಮೊದಲ ಹಿಟ್ಟೆಲ್ಲ ಮರಳು, ಕೋಳಿಗೆ ಹೋಯಿತು. ಎದುರು ಗೂಟ ಹಿಡಿಯೋಕೆ ನನ್ನ ಹೆಂಡತಿ ಕೂತಳು. ರೆಕಾರ್ಡರನ್ನು ನೆಲಕ್ಕೆ ಇಡಲಿಲ್ಲ, ಕಲ್ಲಿನ ಅದುರು ಬರುತ್ತೆ. ಕಂಬಳಿ ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟೆ, ಚಿಕ್ಕವ್ವನ ಬಾಯಿಗೆ ಒಂದು ಮೊಳ ದೂರದಲ್ಲಿ. ಫ್ರಿಡ್ಜ್ ಆಫ್ ಮಾಡಿಸಿದೆ. ಪಕ್ಕದ ಮನೆಯ ಕುಕ್ಕರಿಗೆ ಮಾತ್ರ ಏನೂ ಮಾಡೋಕಾಗಲಿಲ್ಲ. ಎರಡು ಪದದಲ್ಲಿ ಅದರ ಸೀಟಿಯೂ ಇದೆ.

ಚಿಕ್ಕವ್ವನ ಒಂದು ಕಿವಿಗೆ ಇಯರ್‌ಫೋನ್. ಅದರಲ್ಲಿ ದೊಡ್ಡವ್ವ. ಇನ್ನೊಂದು ಕಿವಿ ಕಲ್ಲಿಗೆ.

ಮೊದಲ ಸಾಲು ಬಂತು. ಚಿಕ್ಕವ್ವ ಕಲ್ಲು ನಿಲ್ಲಿಸಿಬಿಟ್ಟರು. ಏನೂ ಮಾತಾಡಲಿಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇನ್ನೊಂದಪ ಹಾಕು" ಅಂದರು. ಹಾಕಿದೆ. ಸೊಲ್ಲು ಹಿಡಿದರು, ಅಕ್ಕ ಮುಗಿಸುವ ಮೊದಲೇ, ಕೊನೆಯ ಅಕ್ಷರದ ಮೇಲೆ ಹತ್ತಿಕೊಂಡು. ಸ್ಟುಡಿಯೋದಲ್ಲಿ ಒಬ್ಬರ ಕೈಲೇ ಎರಡೂ ಹಾಡಿಸಿ ಜೋಡಿಸಿದರೆ ಈ ಹತ್ತಿಕೊಳ್ಳೋದು ಬರಲ್ಲ. ತಾಳ ತಪ್ಪದಿರಲಿ ಅಂತ ಕಿವಿಗೆ ಟಿಕ್ ಟಿಕ್ ಅನ್ನೋ ಕ್ಲಿಕ್ ಹಾಕಿ ಹಾಡಿಸಿದರಂತೂ ಸತ್ತೇ ಹೋಗುತ್ತೆ.

ಒಂಬತ್ತು ಪದ ಆಯಿತು. ಟೇಪು ಮುಗಿಯಿತು. ರೆಕಾರ್ಡರ್ ಆಫ್ ಮಾಡೋಕೆ ಕೈ ಚಾಚಿದೆ. ಚಿಕ್ಕವ್ವನ ಕೈ ನಿಂತಿರಲಿಲ್ಲ. ಕಲ್ಲು ತಿರುಗುತ್ತಲೇ ಇತ್ತು. ಇಯರ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡು, ತಾವೇ ಎತ್ತಿಕೊಂಡರು:

"ಅಕ್ಕರೆಯ ದೀಪವ ಹೊಸಿಲಲ್ಲಿ ಹಚ್ಚವ್ವ..."

ಅದು ನನ್ನ ಸಾಲು. ಜಾಥಾದ್ದು. ನಾನು ಬರೆದದ್ದು 'ಅಕ್ಷರದ ದೀಪವ'. ಯಾವಾಗ ಅದು ಆ ಊರಿಗೆ ಹೋಯಿತೋ, ಯಾವಾಗ ಅಕ್ಷರ ಅಕ್ಕರೆಯಾಯಿತೋ. ನಾನು ಕತ್ತರಿಸಿದ್ದ ಮರುಸಾಲೂ ತನ್ನ ಜಾಗಕ್ಕೆ ವಾಪಸ್ ಬಂದು ಕೂತಿತ್ತು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು, ಮದುವೆಯ ಹೊಸತರಲ್ಲಿ ಆ ಹಾಡು ನೂರು ಸಲ ಕೇಳಿಸಿದ್ದೆ.

"ಇದು ಯಾರದು ಚಿಕ್ಕವ್ವ?" ಅಂದೆ.

"ನಮ್ಮವ್ವಂದು. ಅಕ್ಕಂಗೆ ಇದು ಬರ್ತಿರ್ಲಿಲ್ಲ. ಯಾಕ್ಲಾ?"

"ಸುಮ್ನೆ ಕೇಳ್ದೆ."

"ಹಂಗಾದ್ರೆ ಬರ್ಕೋ, ಮರ್ತೀಯ" ಅಂದು, ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದರು. ನಾನು ಪುಸ್ತಕ ತೆಗೆದು ಹತ್ತನೇ ಪದ ಅಂತ ಬರೆದುಕೊಂಡೆ, ಅವರು ಹಾಡಿದ ಹಾಗೇ.