ಒಂದೇ ನಗೆ ಎರಡು ಕಡೆ: ಲಾಸ್‌ಲೆಸ್ ಆಡಿಯೋದಲ್ಲಿ ಸಿಟ್‌ಕಾಂ, ನನ್ನ ಅನುಭವ

ಸಿಟ್‌ಕಾಂಗೆ ಲಾಸ್‌ಲೆಸ್ (ಏನನ್ನೂ ಕಳೆಯದೆ ಕುಗ್ಗಿಸಿದ ಆಡಿಯೋ) ಯಾಕೆ, ಮಾತು ಕೇಳಿಸಿದರೆ ಸಾಲದೇ ಎಂದವರೇ ಹೆಚ್ಚು. ಮಾತಿಗೆ ಸಾಕು. ಹಿನ್ನೆಲೆಯ ಪ್ರೇಕ್ಷಕರ ನಗೆಯ ಪದರ ಬಿಡಿಸಲು ಮಾತ್ರ ಸ್ಟ್ರೀಮಿಂಗ್ ಆಡಿಯೋ ಸಾಲದು. ಒಂದೇ ನಗೆಯನ್ನು ಎರಡು ಕಡೆ ಅಂಟಿಸಿದ್ದರೆ ಈಗ ಅಳತೆ ಹಿಡಿದು ತೋರಿಸಬಲ್ಲೆ.

ಬ್ಲೂ-ರೇಯನ್ನು ಮೇಕ್‌ಎಂಕೆವಿಯಲ್ಲಿ (ಡಿಸ್ಕ್‌ನಿಂದ ಫೈಲ್ ತೆಗೆಯುವ ತಂತ್ರಾಂಶ) ತೆಗೆದು, ಎಫ್‌ಎಫ್‌ಎಂಪೆಗ್‌ ಎಂಬ ಪರಿವರ್ತಕದಲ್ಲಿ 24 ಬಿಟ್ ಫ್ಲ್ಯಾಕ್ (ಲಾಸ್‌ಲೆಸ್ ಫೈಲ್) ಮಾಡಿ. 48 ಕಿಲೋಹರ್ಟ್ಸ್ ಹಾಗೇ ಇರಲಿ. 22 ನಿಮಿಷದ ಸ್ಟೀರಿಯೋ ಕಂತು ಸುಮಾರು 200 ಎಂಬಿ ಆಗುತ್ತದೆ. ಎಫ್‌ಎಫ್‌ಎಂಪೆಗ್ 3.0ಕ್ಕಿಂತ ಹಳೆಯದಾದರೆ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎಂಬ ಲಾಸ್‌ಲೆಸ್ ಟ್ರ್ಯಾಕ್‌ನ ಒಳಗಿನ ಲಾಸಿ (ವಿವರ ಕಳೆದು ಕುಗ್ಗಿಸಿದ) ಕೋರ್ ಮಾತ್ರ ಬಿಚ್ಚಿಕೊಳ್ಳುತ್ತದೆ. ಫೈಲ್ ಹೆಸರು ಫ್ಲ್ಯಾಕ್, ಒಳಗಿರುವುದು ಲಾಸಿ. ಹೋಲಿಕೆಗೆ ಲಾಸಿಯಾದ ಡಾಲ್ಬಿ ಡಿಜಿಟಲ್ ಟ್ರ್ಯಾಕ್ ತೆಗೆಯುವಾಗ ಡಿಆರ್‌ಸಿ (ಜೋರು-ಮೆಲುವಿನ ಅಂತರ ತಗ್ಗಿಸುವ ಸೆಟ್ಟಿಂಗ್) ಸ್ಕೇಲ್ 0 ಇಡದಿದ್ದರೆ ನಗೆಯ ಮಟ್ಟವೇ ಬದಲಾಗುತ್ತದೆ.

ಆಡಾಸಿಟಿ ಎಂಬ ಆಡಿಯೋ ಎಡಿಟರ್‌ನಲ್ಲಿ ಬಲ ಚಾನೆಲ್ ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ) ಎಡಕ್ಕೆ ಕೂಡಿಸಿ. ನಡುವಿನ ಮಾತು ಅಳಿದು, ಅಗಲಕ್ಕೆ ಹರಡಿದ ಪ್ರೇಕ್ಷಕರ ನಗೆ ಉಳಿಯುತ್ತದೆ. ಲಾಸಿ ಫೈಲ್‌ನಲ್ಲಿ ಇದೇ ಜಾಗದಲ್ಲಿ ನೀರೊಳಗಿನ ಗುಳುಗುಳು ಕೇಳುತ್ತದೆ, ಏಕೆಂದರೆ ಎರಡು ಚಾನೆಲ್‌ಗಳ ವ್ಯತ್ಯಾಸಕ್ಕೆ ಎನ್‌ಕೋಡರ್ ಕಡಿಮೆ ಬಿಟ್ ಕೊಟ್ಟಿರುತ್ತದೆ. 5.1 (ಆರು ಚಾನೆಲ್) ಟ್ರ್ಯಾಕ್ ಇದ್ದರೆ ಸರೌಂಡ್ ಚಾನೆಲ್ ಸೋಲೋ ಮಾಡಿದರಾಯಿತು (ಅದನ್ನಷ್ಟೇ ಕೇಳಿದರಾಯಿತು).

ಈಗ ಅನುಮಾನ ಬಂದ ಎರಡು ನಗೆಗಳಿಂದ ಮಾತಿಲ್ಲದ ಒಂದೊಂದು ಸೆಕೆಂಡ್ ಕತ್ತರಿಸಿ, ಸ್ಯಾಂಪಲ್ (ಡಿಜಿಟಲ್ ಆಡಿಯೋದ ಒಂದು ಅಳತೆಬಿಂದು) ಮಟ್ಟದಲ್ಲಿ ಹೊಂದಿಸಿ, ಒಂದನ್ನು ಇನ್ವರ್ಟ್ ಮಾಡಿ ಕೂಡಿಸಿ. ಉಳಿದ ಸದ್ದು 20 ಡಿಬಿಗಿಂತ (ಡೆಸಿಬಲ್) ಹೆಚ್ಚು ಇಳಿದರೆ ಎರಡೂ ಒಂದೇ ರೆಕಾರ್ಡಿಂಗ್. ಹೆಚ್ಚಿನವರು ಸೋಲುವುದು ಇಲ್ಲೇ. ಒಂದೇ ಸ್ಯಾಂಪಲ್ ಸರಿದರೂ 1 ಕಿಲೋಹರ್ಟ್ಸ್‌ನಲ್ಲಿ 18 ಡಿಬಿ ಇಳಿಯುವುದು 5 ಕಿಲೋಹರ್ಟ್ಸ್‌ನಲ್ಲಿ 4 ಡಿಬಿಗೇ ನಿಲ್ಲುತ್ತದೆ. ಮಟ್ಟ 1 ಡಿಬಿ ತಪ್ಪಿದರೂ 20 ದಾಟದು. ಹಾಗಾಗಿ 8 ಪಟ್ಟು ಅಪ್‌ಸ್ಯಾಂಪಲ್ ಮಾಡಿ (ಸ್ಯಾಂಪಲ್‌ಗಳ ಸಂಖ್ಯೆ ಹೆಚ್ಚಿಸಿ) ಜರುಗಿಸಿ, ಆಮೇಲೆ ಗೇನ್ (ಸದ್ದಿನ ಮಟ್ಟ) ಸರಿಪಡಿಸಿ. ಇಡೀ ಸೀಸನ್‌ನಲ್ಲಿ ಜೋಡಿ ನಗೆಗಳನ್ನು ಬೇಗ ಹುಡುಕುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಸೌಂಡ್ ಎಂಜಿನಿಯರ್ ಚಾರ್ಲಿ ಡಗ್ಲಸ್‌ನ ನಗೆಪೆಟ್ಟಿಗೆ (ರೆಕಾರ್ಡ್ ಮಾಡಿದ ನಗೆ ಸೇರಿಸುವ ಯಂತ್ರ) ಬಳಸಿದ ಹಳೆಯ ಅಮೆರಿಕನ್ ಸರಣಿಗಳಲ್ಲಿ ಈ ಲೆಕ್ಕ ನಡೆಯದು. ಅದು ಟೇಪ್ ಲೂಪ್‌ಗಳ ಯಂತ್ರ. ವೇಗ ಚೂರು ಏರುಪೇರಾದರೂ ಅಲೆಗಳು ಒಂದರ ಮೇಲೊಂದು ಕೂರುವುದಿಲ್ಲ. ಅಲ್ಲಿ ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಕಂಪನಾಂಕಗಳನ್ನು ತೋರಿಸುವ ಚಿತ್ರ) ಎದ್ದು ಕಾಣುವ ಯಾರೋ ಒಬ್ಬರ ನಗೆಯ ಗೆರೆ ಹುಡುಕಬೇಕು. ಹಾಗೆ ನೋಡುವಾಗ 15,734 ಹರ್ಟ್ಸ್ ಬಳಿ ನೇರ ಗೆರೆ ಸಿಕ್ಕರೆ ಅದು ಎನ್‌ಟಿಎಸ್‌ಸಿ (ಅಮೆರಿಕದ ಹಳೆಯ ಟಿವಿ ಪದ್ಧತಿ) ವಿಡಿಯೋ ಉಪಕರಣಗಳ ಸಿಳ್ಳೆ. ನನಗೆ ಅದನ್ನು ಹುಡುಕುವುದೇ ಒಂದು ಖುಷಿ.

ದುಡ್ಡಿನ ಮಾತು. ದುಬಾರಿ ಡ್ಯಾಕ್ (ಡಿಜಿಟಲ್ ಆಡಿಯೋವನ್ನು ಅನಲಾಗ್‌ಗೆ ಬದಲಿಸುವ ಉಪಕರಣ) ಈ ಕೆಲಸಕ್ಕೆ ದಂಡ, ಏಕೆಂದರೆ ಕಳೆಯುವ ಲೆಕ್ಕವೆಲ್ಲ ಫೈಲ್‌ನಲ್ಲೇ ಮುಗಿಯುತ್ತದೆ. ಸಾಧಾರಣ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಸಾಕು. ಖರ್ಚು ಒಳ್ಳೆಯ ಡ್ರೈವ್‌ಗೂ ಡಿಸ್ಕ್‌ಗೂ ಇರಲಿ. ಕೊಳ್ಳುವ ಮುನ್ನ ಹಿಂಬದಿ ಓದಿ: ಬರೀ ಡಾಲ್ಬಿ ಡಿಜಿಟಲ್ ಎಂದಿದ್ದರೆ, ಬ್ಲೂ-ರೇ ಆದರೂ ಅದು ಲಾಸಿಯೇ.