ಅಮೆರಿಕದ ಚರಿತ್ರೆಯನ್ನು ಓದುತ್ತ ಇಂಗ್ಲಿಷ್ ಕಲಿಯುವ ಬಗೆ

ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿಯೂ ಒಂದು ಪುಟವನ್ನು ತಡವರಿಸದೆ ಓದಲಾಗದವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಕಲಿತ ವ್ಯಾಕರಣದ ನಿಯಮಗಳು ಯಾವ ಕಥೆಗೂ ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉಳಿದಿರುವುದರಿಂದ ಬೇಕಾದ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಒಂದು ದೇಶದ ಚರಿತ್ರೆಯನ್ನು ಆರಿಸಿಕೊಂಡು, ಅದರ ಮೂಲ ದಾಖಲೆಗಳ ಮೂಲಕವೇ ಭಾಷೆಯನ್ನು ಕಲಿಯುವುದು ಇದಕ್ಕೆ ಒಳ್ಳೆಯ ಪರಿಹಾರವೆಂದು ನಾನು ನಂಬಿದ್ದೇನೆ. ಇಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಚರಿತ್ರೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಆ ದೇಶದ ಮುಖ್ಯ ದಾಖಲೆಗಳು ಚಿಕ್ಕವು, ಉಚಿತವಾಗಿ ಸಿಗುವಂಥವು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಹಕ್ಕಿಗಾಗಿ ಹೋರಾಡಿದವರು ಹಿಂದಿನ ತಲೆಮಾರು ಬರೆದ ವಾಕ್ಯವನ್ನೇ ಕೈಗೆತ್ತಿಕೊಂಡು, ಕೆಲವು ಪದಗಳನ್ನಷ್ಟೇ ಬದಲಿಸಿ, ಮತ್ತೆ ಮತ್ತೆ ಬಳಸಿದ್ದಾರೆ. ಹೀಗಾಗಿ ಒಂದು ವಾಕ್ಯವನ್ನು ಚೆನ್ನಾಗಿ ಕಲಿತವರಿಗೆ ಮುಂದಿನ ಹಲವು ವಾಕ್ಯಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಆರಂಭದಲ್ಲಿ ಇಂಗ್ಲಿಷ್ ಪಠ್ಯವನ್ನು ಮುಟ್ಟದೆ, ಕಥೆಯನ್ನು ಕನ್ನಡದಲ್ಲಿಯೇ ತಿಳಿದುಕೊಳ್ಳಿ. 1776ರ ಸ್ವಾತಂತ್ರ್ಯ ಘೋಷಣೆ, 1787ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಸಂವಿಧಾನ ರಚನೆ, 1861ರಿಂದ 1865ರವರೆಗಿನ ಅಂತರ್ಯುದ್ಧ, 1865ರಲ್ಲಿ ಗುಲಾಮಗಿರಿಯ ರದ್ದತಿ, 1920ರಲ್ಲಿ ಮಹಿಳೆಯರ ಮತದಾನದ ಹಕ್ಕು, ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆ, ಇಷ್ಟರ ಹಿಂದುಮುಂದು ಗೊತ್ತಾದರೆ ಸಾಕು. ಕಥೆ ಮೊದಲೇ ಗೊತ್ತಿದ್ದವರು ಅಪರಿಚಿತ ಪದ ಎದುರಾದಾಗ ಅದರ ಅರ್ಥವನ್ನು ಸಂದರ್ಭದಿಂದಲೇ ಊಹಿಸಬಲ್ಲರು, ಮತ್ತು ಹಾಗೆ ಊಹಿಸಿ ಆಮೇಲೆ ನಿಘಂಟಿನಲ್ಲಿ ಖಚಿತಪಡಿಸಿಕೊಂಡ ಪದ ಬಹುಕಾಲ ಉಳಿಯುತ್ತದೆ.

ಆಮೇಲೆ ಈ ಘಟನೆಗಳನ್ನು ಒಂದೊಂದು ಸರಳ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ನಾವು ಇಸವಿಗೆ '1776ರಲ್ಲಿ' ಎಂದೂ ತಾರೀಖಿಗೆ 'ಜುಲೈ 4ರಂದು' ಎಂದೂ ಬರೆಯುತ್ತೇವೆ. ಇಂಗ್ಲಿಷಿನಲ್ಲಿಯೂ ಇಸವಿಗೆ 'ಇನ್', ತಾರೀಖಿಗೆ 'ಆನ್' ಬರುತ್ತದೆ. ಇಷ್ಟನ್ನು ಗಮನಿಸಿದರೆ ಈ ಎರಡು ಪದಗಳಲ್ಲಿ ಆಗುವ ಗೊಂದಲ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಈ ಹಂತಕ್ಕೆ ಸೀಮಿತ ಪದಗಳಲ್ಲಿ ಹೇಳಿದ ಚರಿತ್ರೆ ಬಹಳ ಉಪಯುಕ್ತ. ವಾಯ್ಸ್ ಆಫ್ ಅಮೆರಿಕಾ ಬಾನುಲಿಯು 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಎಂಬ ಪ್ರಸಾರವನ್ನು ಆರಂಭಿಸಿ, ಸುಮಾರು 1,500 ಪದಗಳನ್ನಷ್ಟೇ ಬಳಸಿ, ಚಿಕ್ಕ ವಾಕ್ಯಗಳಲ್ಲಿ, ನಿಧಾನಗತಿಯಲ್ಲಿ ಓದಿ, ತನ್ನ ದೇಶದ ಚರಿತ್ರೆಯನ್ನೂ ಕಲಿಯುವವರಿಗೆ ತಲುಪಿಸಿತು. ಅದರ ಹಳೆಯ ಧ್ವನಿಮುದ್ರಿಕೆಗಳು ಸಿಕ್ಕರೆ ಪಠ್ಯವನ್ನು ಎದುರಿಗಿಟ್ಟುಕೊಂಡು ಕೇಳಿ, ಜೊತೆಯಲ್ಲಿಯೇ ಗಟ್ಟಿಯಾಗಿ ಓದಿ.

ಮೂಲ ದಾಖಲೆಗಳಲ್ಲಿ ಮೊದಲು ಸ್ವಾತಂತ್ರ್ಯ ಘೋಷಣೆಯ ನಡುಭಾಗವನ್ನು ತೆಗೆದುಕೊಳ್ಳಿ. ಪ್ರಸಿದ್ಧವಾದ ಆರಂಭದ ಸಾಲುಗಳು ಕಲಿಯುವವರಿಗೆ ಕಠಿಣ. ನಡುವೆ ಬರುವ ದೂರುಗಳ ಪಟ್ಟಿ ಅದಕ್ಕಿಂತ ಸುಲಭ. ಬ್ರಿಟನ್ನಿನ ದೊರೆ ಮೂರನೆಯ ಜಾರ್ಜನ ಮೇಲಿನ ಈ ದೂರುಗಳಲ್ಲಿ ಹೆಚ್ಚಿನವು 'ಹಿ ಹ್ಯಾಸ್' ಎಂದೇ ಆರಂಭವಾಗುತ್ತವೆ. ಉದಾಹರಣೆಗೆ, 'ಹಿ ಹ್ಯಾಸ್ ಪ್ಲಂಡರ್ಡ್ ಅವರ್ ಸೀಸ್, ರ‍್ಯಾವೇಜ್ಡ್ ಅವರ್ ಕೋಸ್ಟ್ಸ್, ಬರ್ನ್ಟ್ ಅವರ್ ಟೌನ್ಸ್' ಎಂಬ ಸಾಲು: ಅವನು ನಮ್ಮ ಕಡಲುಗಳನ್ನು ಕೊಳ್ಳೆ ಹೊಡೆದಿದ್ದಾನೆ, ನಮ್ಮ ತೀರಗಳನ್ನು ಹಾಳುಗೆಡವಿದ್ದಾನೆ, ನಮ್ಮ ಪಟ್ಟಣಗಳನ್ನು ಸುಟ್ಟಿದ್ದಾನೆ. ನಾವು ಪ್ರತಿ ಕ್ರಿಯಾಪದಕ್ಕೂ 'ಇದ್ದಾನೆ' ಸೇರಿಸಿದರೆ ಇಂಗ್ಲಿಷ್ ಒಂದೇ 'ಹ್ಯಾಸ್' ಇಟ್ಟು ಎಲ್ಲವನ್ನೂ ಅದರ ಹಿಂದೆ ಸಾಲಾಗಿ ನಿಲ್ಲಿಸುತ್ತದೆ. ಅನ್ಯಾಯ ಆಗಿಹೋಗಿದೆ, ಅದರ ಪರಿಣಾಮ ಈಗಲೂ ನಮ್ಮ ಮೇಲಿದೆ ಎಂಬುದು ಈ ಕ್ರಿಯಾರೂಪದ ಭಾವ. ದೂರು ಹೇಳುವವರಿಗೆ ಅದು ಏಕೆ ಬೇಕಾಯಿತೆಂಬುದು ಇಲ್ಲಿ ಎಷ್ಟು ಸ್ಪಷ್ಟವಾಗುತ್ತದೆಯೋ ಅಷ್ಟು ಬರಿಯ ಅಭ್ಯಾಸದ ವಾಕ್ಯಗಳಲ್ಲಿ ಆಗುವುದಿಲ್ಲ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕನ್ನಡದಲ್ಲಿ 'ನಿನ್ನೆ ನೋಡಿದ್ದೇನೆ' ಎನ್ನಬಹುದು. ಇಂಗ್ಲಿಷಿನಲ್ಲಿ ಮುಗಿದುಹೋದ ಕಾಲವನ್ನು ಹೆಸರಿಸಿದೊಡನೆ 'ಹ್ಯಾಸ್', 'ಹ್ಯಾವ್' ಬಿಟ್ಟು ಸರಳ ಭೂತಕಾಲವನ್ನು ಬಳಸಬೇಕು. ನಮ್ಮವರ ಬರವಣಿಗೆಯಲ್ಲಿ ಮೇಲಿಂದ ಮೇಲೆ ಕಾಣುವ ಒಂದು ತಪ್ಪಿನ ಮೂಲ ಇಲ್ಲಿದೆ. ಆದ್ದರಿಂದ ಘೋಷಣೆಯ ಐದಾರು ದೂರುಗಳನ್ನು ಆಯ್ದು, ಪ್ರತಿಯೊಂದಕ್ಕೂ ಒಂದು ಇಸವಿಯನ್ನು ಸೇರಿಸಿ ಸರಳ ಭೂತಕಾಲದಲ್ಲಿ ತಿರುಗಿ ಬರೆಯುವುದು ಉತ್ತಮ ಅಭ್ಯಾಸ.

ಇದೇ 'ಹಿ ಹ್ಯಾಸ್' ಎಂಬ ಚೌಕಟ್ಟು 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬಲ್ಲಿ ಸೇರಿದ ಮಹಿಳಾ ಹಕ್ಕುಗಳ ಸಮಾವೇಶದ ಘೋಷಣೆಯಲ್ಲಿ ಮತ್ತೆ ಬರುತ್ತದೆ. ಅಲ್ಲಿ 'ಹಿ' ಎಂದರೆ ದೊರೆಯಲ್ಲ, ಪುರುಷ. ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಬದಲಾದ ಪದಗಳ ಅಡಿಯಲ್ಲಿ ಗೆರೆ ಎಳೆಯುತ್ತ ಓದಿ. ಎರಡನೆಯ ಪಠ್ಯವು ನಿಮಗೆ ನಿರೀಕ್ಷಿಸಿದ್ದಕ್ಕಿಂತ ಬೇಗ ಅರ್ಥವಾಗುವುದು.

ಈ ಕ್ರಮದ ನಿಜವಾದ ಬೆಲೆ ತಿಳಿಯುವುದು ಸಂವಿಧಾನದ ತಿದ್ದುಪಡಿಗಳಲ್ಲಿ. 1870ರ ಹದಿನೈದನೆಯ ತಿದ್ದುಪಡಿಯು 'ದಿ ರೈಟ್ ಆಫ್ ಸಿಟಿಜನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್ ಟು ವೋಟ್ ಶಲ್ ನಾಟ್ ಬಿ ಡಿನೈಡ್ ಆರ್ ಅಬ್ರಿಜ್ಡ್' ಎಂದು ಆರಂಭವಾಗಿ, ಜನಾಂಗ, ಬಣ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣದಿಂದ ಮತದಾನದ ಹಕ್ಕನ್ನು ನಿರಾಕರಿಸುವಂತಿಲ್ಲ ಎನ್ನುತ್ತದೆ. 1920ರ ಹತ್ತೊಂಬತ್ತನೆಯ ತಿದ್ದುಪಡಿಯು ಅದೇ ವಾಕ್ಯವನ್ನು ಇಟ್ಟುಕೊಂಡು ಕಾರಣದ ಜಾಗದಲ್ಲಿ ಲಿಂಗವನ್ನು ಸೂಚಿಸುವ 'ಸೆಕ್ಸ್' ಎಂಬ ಒಂದೇ ಪದವನ್ನು ಇರಿಸಿತು. 1971ರ ಇಪ್ಪತ್ತಾರನೆಯ ತಿದ್ದುಪಡಿ ಅದೇ ಜಾಗದಲ್ಲಿ 'ಏಜ್' ಎಂದು ಬರೆಯಿತು. ವಿಯೆಟ್ನಾಂ ಯುದ್ಧಕ್ಕೆ ಹದಿನೆಂಟರ ಹುಡುಗರನ್ನು ಕಳಿಸುತ್ತಿದ್ದ ದೇಶ ಅವರಿಗೆ ಮತ ಹಾಕಲು ಅವಕಾಶ ಕೊಡದಿರುವುದು ಸರಿಯಲ್ಲವೆಂಬ ವಾದ ಅದರ ಹಿಂದಿತ್ತು. ಈ ಕೊನೆಯ ವಾಕ್ಯದ ನಡುವೆ 'ಹೂ ಆರ್ ಎಯ್ಟೀನ್ ಇಯರ್ಸ್ ಆಫ್ ಏಜ್ ಆರ್ ಓಲ್ಡರ್' ಎಂಬ ತುಂಡು ಬರುತ್ತದೆ. 'ಹದಿನೆಂಟು ವರ್ಷ ತುಂಬಿದ ನಾಗರಿಕರು' ಎಂದು ನಾವು ವಿವರವನ್ನು ನಾಮಪದಕ್ಕೆ ಮೊದಲು ಹೇಳಿದರೆ, ಇಂಗ್ಲಿಷ್ ನಾಗರಿಕರನ್ನು ಮೊದಲು ಹೆಸರಿಸಿ ವಿವರವನ್ನು ಆಮೇಲೆ ತರುತ್ತದೆ. ಉದ್ದ ವಾಕ್ಯಗಳಲ್ಲಿ ಕನ್ನಡಿಗರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ, ಈ ಮೂರು ತಿದ್ದುಪಡಿಗಳನ್ನು ಬಾಯಿಪಾಠ ಮಾಡುವಂತೆ ನಾನು ಹಿಂಜರಿಕೆಯಿಲ್ಲದೆ ಸಲಹೆ ಮಾಡುತ್ತೇನೆ.

ಮೂರೂ ವಾಕ್ಯಗಳು ಕರ್ಮಣಿ ಪ್ರಯೋಗದಲ್ಲಿವೆ. ಹಕ್ಕನ್ನು ಕಸಿಯಬಾರದೆಂದು ಅವು ಹೇಳಿದರೂ ವಾಸ್ತವದಲ್ಲಿ ಕಸಿದವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. 1870ರ ನಂತರವೂ ದಕ್ಷಿಣದ ರಾಜ್ಯಗಳು ತಲೆಗಂದಾಯ, ಸಾಕ್ಷರತಾ ಪರೀಕ್ಷೆ, ಬೆದರಿಕೆಗಳ ಮೂಲಕ ಕಪ್ಪು ನಾಗರಿಕರನ್ನು ಮತಗಟ್ಟೆಯಿಂದ ದೂರವಿಟ್ಟವು. 1965ರ ಮತದಾನ ಹಕ್ಕುಗಳ ಕಾಯಿದೆ ಬರುವವರೆಗೂ ಈ ಸ್ಥಿತಿ ಮುಂದುವರಿಯಿತು. ಈ ಸಂಗತಿಯನ್ನು ಕರ್ತರಿ ಪ್ರಯೋಗದಲ್ಲಿ, ಮಾಡಿದವರನ್ನು ಹೆಸರಿಸಿ, ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಒಂದು ಪ್ರಯೋಗ ಏನನ್ನು ಮರೆಮಾಡುತ್ತದೆ, ಇನ್ನೊಂದು ಏನನ್ನು ಹೊರಗೆಡಹುತ್ತದೆ ಎಂಬುದು ಆಗ ಮನದಟ್ಟಾಗುತ್ತದೆ.

ಇದಾದ ಮೇಲೆ 1863ರ ನವೆಂಬರ್ 19ರಂದು ಅಬ್ರಹಾಂ ಲಿಂಕನ್ ಗೆಟಿಸ್‌ಬರ್ಗ್‌ನ ಸೈನಿಕರ ಸ್ಮಶಾನದಲ್ಲಿ ಮಾಡಿದ ಭಾಷಣವನ್ನು ಓದಿ. ಸುಮಾರು 270 ಪದಗಳ ಈ ಭಾಷಣ ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. 'ಫೋರ್ ಸ್ಕೋರ್ ಆ್ಯಂಡ್ ಸೆವನ್ ಇಯರ್ಸ್ ಅಗೋ' ಎಂದು ಆತ ಆರಂಭಿಸುತ್ತಾನೆ; ಸ್ಕೋರ್ ಎಂದರೆ ಇಪ್ಪತ್ತು, ಹಾಗಾಗಿ ಒಟ್ಟು 87 ವರ್ಷ, ಅಂದರೆ 1776. ಕೊನೆಯಲ್ಲಿ ಬರುವ 'ಆಫ್ ದಿ ಪೀಪಲ್, ಬೈ ದಿ ಪೀಪಲ್, ಫಾರ್ ದಿ ಪೀಪಲ್' ಎಂಬುದನ್ನು ಜನರ, ಜನರಿಂದ, ಜನರಿಗಾಗಿ ಎಂದು ನಾವು ಪೌರನೀತಿಯ ಪಾಠದಲ್ಲಿಯೇ ಓದಿದ್ದೇವೆ. ಲಿಂಕನ್ನನ ಧ್ವನಿ ನಮಗೆ ಸಿಗುವುದಿಲ್ಲ, ಧ್ವನಿಯನ್ನು ಮುದ್ರಿಸಿ ಮತ್ತೆ ಕೇಳಿಸುವ ಯಂತ್ರ ಬಂದದ್ದು ಆತ ತೀರಿಕೊಂಡ ಮೇಲೆ. ಆದರೆ 1963ರ ಆಗಸ್ಟ್ 28ರಂದು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಭಾಷಣದ ಆರಂಭದಲ್ಲಿಯೇ 'ಫೈವ್ ಸ್ಕೋರ್ ಇಯರ್ಸ್ ಅಗೋ' ಎಂದು ನುಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಧ್ವನಿ ಸಿಗುತ್ತದೆ. ಮೊದಲ ಕೆಲವು ನಿಮಿಷ ಅವರು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ನುಡಿಯುವುದರಿಂದ ಕಿವಿಯನ್ನು ಪಳಗಿಸಿಕೊಳ್ಳಲು ಅದು ತಕ್ಕ ಭಾಗ. ಒಂದೊಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಹೇಳಿ. ಇಂಥ ಪಠ್ಯಗಳ ಹಳೆಯ ಪದಗಳನ್ನು ಇಂದಿನ ಮಾತಿಗೆ ಎಳೆದು ತರಬಾರದು. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಯಾರೂ ಸ್ಕೋರ್ ಎಂಬ ಲೆಕ್ಕದಲ್ಲಿ ವರ್ಷಗಳನ್ನು ಹೇಳುವುದಿಲ್ಲ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುವ ಕನ್ನಡಿಗರಿಗೆ ಈ ಓದು ನೇರವಾಗಿ ಒದಗುತ್ತದೆ. ಸಂದರ್ಶನದಲ್ಲಿ ಚರಿತ್ರೆ ಮತ್ತು ಸರ್ಕಾರದ ಕುರಿತ ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳುತ್ತಾರೆ. ಇಂಗ್ಲಿಷ್ ಪರೀಕ್ಷೆಗೆಂದು ಮೂರರಲ್ಲಿ ಒಂದು ವಾಕ್ಯವನ್ನಾದರೂ ಸರಿಯಾಗಿ ಓದಬೇಕು, ಹಾಗೆಯೇ ಮೂರರಲ್ಲಿ ಒಂದನ್ನಾದರೂ ಸರಿಯಾಗಿ ಬರೆಯಬೇಕು. ಪ್ರಶ್ನೆಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ ಅದನ್ನು ಆ ದೇಶದ ವಲಸೆ ಇಲಾಖೆಯ ಜಾಲತಾಣದಲ್ಲಿಯೇ ನೋಡಿಕೊಳ್ಳಬೇಕು.

ಓದಿದ್ದು ಕೈಗೆ ಹತ್ತಿದೆಯೇ ಎಂದು ತಿಳಿಯಲು, ಓದಿದ ಒಂದು ಭಾಗವನ್ನು ಕನ್ನಡಕ್ಕೆ ಅನುವಾದಿಸಿಟ್ಟು, ಎರಡು ದಿನ ಬಿಟ್ಟು, ಮೂಲವನ್ನು ನೋಡದೆ ಮರಳಿ ಇಂಗ್ಲಿಷಿಗೆ ತನ್ನಿ. ಬಳಿಕ ಮೂಲದೊಂದಿಗೆ ಹೋಲಿಸಿ ವ್ಯತ್ಯಾಸಗಳನ್ನು ಗುರುತಿಸಿಕೊಳ್ಳಿ. ಮುಂದಿನ ಪರೀಕ್ಷೆ ನಮ್ಮ ನಾಡಿನ ಚರಿತ್ರೆಯದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದದ್ದನ್ನೂ 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದನ್ನೂ, ಅಮೆರಿಕದ ದಾಖಲೆಗಳಿಂದ ಕಲಿತ ವಾಕ್ಯರಚನೆಗಳನ್ನೇ ಬಳಸಿ, ಒಂದು ಪುಟಕ್ಕೆ ಮೀರದಂತೆ ಬರೆಯಿರಿ, ಮತ್ತು ಇಂಗ್ಲಿಷ್ ಬಲ್ಲ ಒಬ್ಬರ ಎದುರು ಅದನ್ನು ಕಾಗದ ನೋಡದೆ ಹೇಳಿ.