ಎಚ್‌ಐವಿ ಯಾರಿಗಿದೆ ಎಂದು ಕೇಳುವ ಕೆಲಸವೇ ಇಲ್ಲದಂತೆ ಮಾಡಿದ್ದು: ನನ್ನ ಅನುಭವ

ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಎಚ್‌ಐವಿ ಇದ್ದವರನ್ನು ದೂರ ಇಡುವುದನ್ನು ತಪ್ಪಿಸುವ ಕೆಲಸ ಮಾಡುವವರಿಗೆ ಡಿಸೆಂಬರ್ 1ರ ಏಡ್ಸ್ ದಿನದ ಜಾಥಾ ಗೊತ್ತೇ ಇದೆ. ಟೋಪಿ, ಬ್ಯಾನರ್, ಮೈಕು, ಮಕ್ಕಳಿಗೆ ಉಪ್ಪಿಟ್ಟು ಸೇರಿ ದಿನಕ್ಕೆ ಹದಿನೆಂಟು ಸಾವಿರದ ಹತ್ತಿರ. ಮರುದಿನ ಚಾದಂಗಡಿಯಲ್ಲಿ ಪಾಸಿಟಿವ್ ಇದ್ದವರ ಲೋಟ ಮತ್ತೆ ಬೇರೆ ಮೊಳೆಗೇ. ಮೂರು ವರ್ಷ ಹೀಗೆ ದುಡ್ಡು ಸುರಿದೆವು. ಜಾಥಾ ಬಿಟ್ಟು ಕಟಿಂಗ್ ಶಾಪು, ಹೆರಿಗೆ ಕೋಣೆ, ಮಹಿಳಾ ಸಂಘ ಹಿಡಿಯೋಣ ಎಂದಾಗ ‘ಮ್ಯಾಲಿನವರಿಗೆ ಫೋಟೊ ಏನ್ ಕಳಸ್ತೀರಿ?’ ಎಂದು ನಕ್ಕವರೇ ಹೆಚ್ಚು. ಈಗ ಅವರೇ ನಮೂನೆ ಕೇಳುತ್ತಿದ್ದಾರೆ.

ಲೆಕ್ಕ ಸರಳ. ಎಚ್ಚರಿಕೆ ಎಲ್ಲರಿಗೂ ಒಂದೇ ಆದರೆ, ಇಂಥವರಿಗೆ ರೋಗ ಇದೆಯೇ ಎಂದು ವಿಚಾರಿಸುವುದಕ್ಕೆ ನೆಪವೇ ಉಳಿಯುವುದಿಲ್ಲ.

ಕಟಿಂಗ್ ಶಾಪಿನಿಂದ ಶುರು ಮಾಡಿ. ಅಲ್ಲಿ ಎಚ್‌ಐವಿ ಎಂಬ ಮಾತೇ ಎತ್ತಬೇಡಿ, ಹೆಪಟೈಟಿಸ್ ಬಿ ಹೇಳಿ. ಅದು ಹೊರಗೆ ಬಿದ್ದ ರಕ್ತದಲ್ಲಿ ಏಳು ದಿನವಾದರೂ ಬದುಕುವ ವೈರಸ್, ಹೊಸ ಬ್ಲೇಡಿಗೆ ನಿಜವಾದ ಕಾರಣವೂ ಅದೇ. ಬ್ಲೇಡು ಮುರಿದು ಅರ್ಧ ಹಾಕಿದರೆ ಗಿರಾಕಿಗೆ ಒಂದು–ಒಂದೂವರೆ ರೂಪಾಯಿ ಬೀಳುತ್ತದೆ. ಮೊದಲ ತಿಂಗಳ ಬ್ಲೇಡು ನಾವೇ ಕೊಟ್ಟು ಕೆಟ್ಟೆವು: ತೀರಿದ ಮೇಲೆ ಮತ್ತೆ ಹಳೆಯದೇ. ಆಮೇಲೆ ಬ್ಲೇಡು ಕೊಡುವುದು ಬಿಟ್ಟು, ಗಿರಾಕಿಯ ಕಣ್ಣೆದುರೇ ಕಾಗದ ಬಿಚ್ಚುವುದನ್ನು ರೂಢಿ ಮಾಡಿಸಿದೆವು. ಕಾಗದ ಬಿಚ್ಚುವ ಸಪ್ಪಳ ಕೇಳಿಸದಿದ್ದರೆ ಈಗ ಗಿರಾಕಿಯೇ ತಡೆಯುತ್ತಾನೆ. ಹಳೆ ಬ್ಲೇಡು ಹಾಕಲು ದಪ್ಪ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಸೀಳು. ತೆಳು ನೀರಿನ ಬಾಟಲಿ ಬೇಡ, ಚುಚ್ಚಿಕೊಂಡು ಹೊರಬರುತ್ತದೆ.

ಹೆರಿಗೆ ಕೋಣೆ ಕಷ್ಟದ ಜಾಗ. ಪಾಸಿಟಿವ್ ಇದ್ದವರ ಕೇಸ್‌ಶೀಟಿನ ಮೇಲೆ ಕೆಂಪು ಗುರುತು, ಮೂಲೆಯ ಮಂಚ, ಅವರೊಬ್ಬರಿಗೆ ಮಾತ್ರ ಎರಡೆರಡು ಗ್ಲೌಸು. ಸಿಬ್ಬಂದಿಗೆ ನೀತಿಪಾಠ ಹೇಳಿದಷ್ಟು ದಿನ ಏನೂ ಬದಲಾಗಲಿಲ್ಲ. ಅವರಿಗಿದ್ದದ್ದು ಸೂಜಿ ಚುಚ್ಚುವ ಹೆದರಿಕೆ. ಸೂಜಿ ಚುಚ್ಚಿದ ಮೇಲೆ ಎಚ್‌ಐವಿ ಹತ್ತದಂತೆ ನುಂಗುವ ಪಿಇಪಿ ಗುಳಿಗೆ ಯಾವ ಕಪಾಟಿನಲ್ಲಿದೆ, ರಾತ್ರಿ ಬೀಗದ ಕೈ ಯಾರ ಹತ್ತಿರ, ಇದನ್ನು ಗೋಡೆಗೆ ಅಂಟಿಸಿದೆವು. ಕೆಳಗೆ: ಸೋಪು ನೀರಲ್ಲಿ ತೊಳೆಯಿರಿ, ಹಿಂಡಬೇಡಿ, ಸಾಧ್ಯವಾದರೆ ಎರಡು ತಾಸಿನೊಳಗೆ, ತಡವೆಂದರೆ 72 ತಾಸಿನೊಳಗೆ ಶುರು, 28 ದಿನ ಪೂರ್ತಿ. ಆ ಒಂದು ಹಾಳೆ ಮಾಡಿದಷ್ಟು ಕೆಲಸ ನಮ್ಮ ಆರು ತರಬೇತಿ ಮಾಡಿರಲಿಲ್ಲ.

ರಕ್ತ ಬಿದ್ದಲ್ಲಿ ಹಾಕುವ ನೀರೂ ಎಲ್ಲರಿಗೂ ಒಂದೇ: 30% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಲೀಟರಿಗೆ 33 ಗ್ರಾಂ ಹಾಕಿದರೆ 1% ದ್ರಾವಣ. ದಿನಾ ಹೊಸದು ಕಲಸಬೇಕು. ಬಾಯಿ ತೆರೆದ ಚೀಲದ ಪುಡಿ ಥಂಡಿ ಹಿಡಿದು ಸತ್ತಿರುತ್ತದೆ, ಮೂಗಿಗೆ ಘಾಟು ಹೊಡೆಯದಿದ್ದರೆ ಚೆಲ್ಲಿ.

ಸಂಘದ ಸಭೆಯಲ್ಲಿ ಹನ್ನೆರಡು–ಹದಿನೈದು ಹೆಂಗಸರು ಸಾಕು. ಸಾಲದ ಕಂತು ಕಟ್ಟಿ ಮುಗಿದ ಮೇಲೆ ನಲವತ್ತು ನಿಮಿಷ, ಅದಕ್ಕಿಂತ ಮೊದಲು ಶುರು ಮಾಡಿದರೆ ಯಾರ ಕಿವಿಯೂ ನಿಮ್ಮ ಕಡೆ ಇರುವುದಿಲ್ಲ. ಪಾಸಿಟಿವ್ ಇದ್ದವರ ಮನೆಯ ಬಗ್ಗೆ ‘ಆ ಮನ್ಯಾಗ ಚಾ ಕುಡಿತೀರೇನ್ರಿ ಅಕ್ಕಾ?’ ಎಂದು ನೇರ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಆದ್ದರಿಂದ ಸೀರೆಯ ಮರೆ ಕಟ್ಟಿ ಹೂಂಗೆ ಒಂದು, ಊಹೂಂಗೆ ಒಂದು ಎಂದು ಎರಡು ಗಡಿಗೆ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಹುಣಸೆ ಬೀಜ. ಮೊದಲು ಇಟ್ಟದ್ದು ಹಿತ್ತಾಳೆ ತಂಬಿಗೆ. ಬೀಜ ಬಿದ್ದ ಸಪ್ಪಳಕ್ಕೆ ಯಾವುದಕ್ಕೆ ಹಾಕಿದರು ಎಂದು ಹೊರಗೆ ಕೂತವರಿಗೆಲ್ಲ ಗೊತ್ತಾಯಿತು! ಮಣ್ಣಿನ ಗಡಿಗೆ ತಂದು ತಳಕ್ಕೆ ಉಸುಕು ಹಾಕಿದ ಮೇಲೆ ಲೆಕ್ಕ ಸರಿಯಾಗಿ ಸಿಕ್ಕಿತು. ಹದಿನೈದರಲ್ಲಿ ನಾಲ್ಕು ಹೂಂ ಇದ್ದದ್ದು ಮೂರನೆಯ ಸಭೆಗೆ ಹತ್ತು–ಹನ್ನೊಂದಕ್ಕೆ ಬಂದ ನೆನಪು. ನಡುವೆ ಸುಮ್ಮನೆ ಪ್ರಯೋಗಕ್ಕೆಂದು ‘ನಿಮ್ಮ ಬಾಜೂ ಮನಿಯಾಕಿ ಕುಡೀತಾಳೇನು?’ ಎಂದು ಪ್ರಶ್ನೆ ತಿರುಗಿಸಿ ನೋಡಿದೆವು. ಮರೆ ಇಲ್ಲದೆಯೇ ಗಡಿಗೆಯ ಲೆಕ್ಕದ ಹತ್ತಿರ ಬಂತು. ಅವಸರ ಇದ್ದವರು ಅಷ್ಟೇ ಮಾಡಬಹುದು.

ಆ ಮನೆಯ ಚಾದ ಮೊದಲ ಲೋಟ ಯಾರ ಕೈಯಲ್ಲಿ ಎತ್ತಿಸಬೇಕು, ಅವರನ್ನು ಹೇಗೆ ಒಪ್ಪಿಸಬೇಕು ಎಂಬುದು ನಮ್ಮ ಹತ್ತಿರವೇ ಇರಲಿ. ಊರಲ್ಲಿ ನಾಲ್ಕು ದಿನ ತಿರುಗಿದರೆ ನಿಮಗೂ ಹೊಳೆಯುತ್ತದೆ. ಆದರೆ ಪಾಸಿಟಿವ್ ಇದ್ದವರನ್ನು ಅವರ ಊರಲ್ಲೇ ಮೈಕ್ ಮುಂದೆ ನಿಲ್ಲಿಸಬೇಡಿ. ಮಾತಾಡುವವರು ಬೇರೆ ತಾಲ್ಲೂಕಿನವರಿರಲಿ.

ಕೈ ಸುಟ್ಟುಕೊಂಡದ್ದು ವೈರಲ್ ಲೋಡಿನ, ಅಂದರೆ ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂಬ ಮಾತಿನಲ್ಲಿ. ಗುಳಿಗೆ ತಪ್ಪದೆ ನುಂಗಿ ವೈರಸ್ ತಪಾಸಣೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ, ಇದು ಪಕ್ಕಾ. ನಾವು ‘ಕಾಣುವುದಿಲ್ಲ’ ಎಂದದ್ದನ್ನು ಜನ ‘ಹೋಯಿತು’ ಎಂದು ತಿಳಿದರು. ಒಂದಿಬ್ಬರು ಗುಳಿಗೆಯನ್ನೇ ಬಿಟ್ಟರು. ಈಗ ಕರಿಕೆಯ ಹೋಲಿಕೆ ಕೊಡುತ್ತೇವೆ: ಮೇಲೆ ಹಸಿರು ಕಾಣದಿದ್ದರೂ ಬೇರು ಒಳಗಿದೆ, ಕುಂಟೆ ನಿಲ್ಲಿಸಿದರೆ ಮತ್ತೆ ಎದ್ದೇಳುತ್ತದೆ. ರೈತರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಸಣ್ಣದೊಂದು ಮಾತು. ಮೂವತ್ತು ಗುಳಿಗೆಯ ಡಬ್ಬಿ ಬಸ್ಸಿನಲ್ಲಿ ಗಲಗಲ ಎನ್ನುತ್ತದೆ, ಅದಕ್ಕೆ ನಾಚಿ ಜನ ಗುಳಿಗೆಯನ್ನು ಕಾಗದಕ್ಕೆ ಸುರಿದುಕೊಳ್ಳುತ್ತಾರೆ, ಥಂಡಿ ಹಿಡಿಯುತ್ತದೆ. ಡಬ್ಬಿಯಲ್ಲೇ ಇರಲಿ, ಮೇಲೆ ಒಣ ಹತ್ತಿ ತುಂಬಿದರೆ ಸಪ್ಪಳ ನಿಲ್ಲುತ್ತದೆ. ನೀವೂ ಕೆಂಪು ರಿಬ್ಬನ್ನಿನ ಜೀಪು ಮನೆ ಮುಂದೆ ನಿಲ್ಲಿಸಬೇಡಿ, ಬೈಕನ್ನು ಅಂಗನವಾಡಿ ಹತ್ತಿರ ಬಿಟ್ಟು ನಡೆದು ಹೋಗಿ.

2017ರ ಎಚ್‌ಐವಿ–ಏಡ್ಸ್ ಕಾಯ್ದೆ ಜಾರಿಗೆ ಬಂದದ್ದು 10 ಸೆಪ್ಟೆಂಬರ್ 2018ಕ್ಕೆ. ಶಾಲೆ, ನೌಕರಿ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲದರಲ್ಲೂ ತಾರತಮ್ಯಕ್ಕೆ ತಡೆ ಇದೆ. ಒಂದು ಶಾಲೆಯಲ್ಲಿ ಮೊದಲ ದಿನವೇ ಅದನ್ನು ತೋರಿಸಿ ಹೆದರಿಸಿದೆವು. ಉಳಿದ ಪಾಲಕರು ತಮ್ಮ ಮಕ್ಕಳನ್ನೇ ಬಿಡಿಸಲು ಹೊರಟರು. ಕಾಯ್ದೆಯ ಪ್ರತಿ ಚೀಲದಲ್ಲಿರಲಿ, ಮಾತುಕತೆ ಮುರಿದ ಮೇಲೆ ತೆಗೆಯಿರಿ.

ಒಂದು ಊರಿಗೆ ಚಾ-ಚುರುಮುರಿ, ಪೆಟ್ರೋಲು, ಗಡಿಗೆ, ಹಾಳೆ ಎಲ್ಲ ಸೇರಿ ಮೂರೂವರೆ ಸಾವಿರದ ಒಳಗೇ ಮುಗಿಯಿತು. ಮೊದಮೊದಲು ಚಾದಂಗಡಿಯ ಬೇರೆ ಲೋಟ ಎಣಿಸಿ ಫಲ ಅಳೆಯುತ್ತಿದ್ದೆವು. ಪೇಪರ್ ಕಪ್ಪು ಬಂದು ಆ ಅಳತೆ ಕೆಟ್ಟಿತು: ಬೇರೆ ಲೋಟ ಎಲ್ಲ ಕಡೆ ಮಾಯ, ದೂರ ಇಡುವುದು ಮಾತ್ರ ಹಾಗೇ. ಈಗ ನೋಡುವುದು ಮದುವೆ ಮನೆಯನ್ನು. ಯಾರ ಹೆಸರೂ ಎತ್ತದೆ ‘ರೊಟ್ಟಿ ಬಡಿಯಾಕ ಯಾರ‍್ಯಾರು ಬಂದಿದ್ರು?’ ಎಂದು ಸಂಘದಲ್ಲಿ ಕೇಳುತ್ತೇವೆ. ಈಗೀಗ ಪಾಸಿಟಿವ್ ಇದ್ದವರನ್ನೂ ಹಿಟ್ಟು ನಾದಲು ಕೂರಿಸುತ್ತಾರೆ, ಪಂಕ್ತಿಗೆ ಬಡಿಸಲು ಇನ್ನೂ ಕರೆಯುವುದಿಲ್ಲ.